ಅತ್ತೆಯ ಬೆನ್ನಿಗೆ ಹಚ್ಚಿದ ಸ್ಪಿರಿಟ್

ಎಂಬತ್ತರ ದಶಕದ ಮೊದಲಲ್ಲಿ ನಾನು ನ್ಯಾಮತಿಯಲ್ಲಿ ನರ್ಸ್ ಆಗಿದ್ದೆ. ಆಗ ಅತ್ತೆ ಹಿತ್ತಲಲ್ಲಿ ಜಾರಿ ಬಿದ್ದು, ಸೊಂಟದ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿದರು. ಅಂಥವರ ಬೆನ್ನನ್ನು ನೋಡಿಕೊಳ್ಳುವ ಕ್ರಮವನ್ನು ತರಬೇತಿಯಲ್ಲಿ ಮೇಟ್ರನ್ ನಮಗೆ ಬಾಯಿಪಾಠ ಮಾಡಿಸಿದ್ದರು: ಸೋಪುನೀರಲ್ಲಿ ಒರೆಸು, ಸ್ಪಿರಿಟ್ ಹಚ್ಚಿ ತಿಕ್ಕು, ಪೌಡರ್ ಹಾಕು, ಮಗ್ಗುಲು ಬದಲಿಸು. ಸ್ಪಿರಿಟ್ಟಿನಿಂದ ಚರ್ಮ ಗಟ್ಟಿಯಾಗುತ್ತದೆ, ಹುಣ್ಣಾಗುವುದಿಲ್ಲ ಎಂಬುದು ಆಗಿನ ನಂಬಿಕೆ. ಡ್ಯೂಟಿಗೆ ಹೋಗುವ ಮುಂಚೆ, ಬಂದ ಕೂಡಲೇ, ಮಲಗುವ ಮುಂಚೆ ಅತ್ತೆಗೂ ಅದನ್ನೇ ಮಾಡಿದೆ. ಒಂದು ಸಲವೂ ತಪ್ಪಿಸಲಿಲ್ಲ.

ಅತ್ತೆಗೆ ಅದೊಂದು ಹೆಮ್ಮೆ. ನೋಡಲು ಬಂದವರಿಗೆ, "ವಾಸ್ನೆ ಬಂತೇನ್ರಿ? ನಮ್ಮನೇನೇ ಆಸ್ಪತ್ರೆ ಆಗೈತೆ" ಎನ್ನುತ್ತಿದ್ದರು. ಅವರೆಲ್ಲ ಹೋದ ಮೇಲೆ ನನ್ನೊಬ್ಬಳಿಗೆ, "ಉರೀತೈತೆ ಕಣವ್ವ" ಎನ್ನುವರು.

"ತಡ್ಕೊಳ್ರಿ ಅತ್ತೆ, ಗಟ್ಟಿ ಆಗ್ತೈತೆ" ಎಂದು ಇನ್ನಷ್ಟು ತಿಕ್ಕುತ್ತಿದ್ದೆ.

ಬೆನ್ನಿನ ಕೆಳಭಾಗ ಒಣಗಿ ಬಿಳಿಚಿಕೊಂಡಿತು. ಬಿರುಕು ಬಿಟ್ಟಿತು. ಕೊನೆಗೆ ಒಂದು ಕಡೆ ಹುಣ್ಣಾಯಿತು. ಅದರ ಸುತ್ತ ನಾನು ಸ್ಪಿರಿಟ್ ಹೆಚ್ಚಿಸಿದೆ.

ಹೊನ್ನಾಳಿಯಿಂದ ಕರೆಸಿದ ಡಾಕ್ಟರು ಬೈಯಲಿಲ್ಲ. ನನ್ನನ್ನು ಪಡಸಾಲೆಗೆ ಕರೆದು ಹೇಳಿದರು: "ಚರ್ಮದ ಕೋಶಗಳ ನಡುವೆ ಕೊಬ್ಬಿನ ತೆಳುಪದರಗಳು ಒಂದರ ಮೇಲೊಂದು ಜೋಡಿಸಿಕೊಂಡಿರುತ್ತವೆ ಸಿಸ್ಟರ್. ಒಳಗಿನ ತೇವ ಹಿಡಿದಿಡೋದೇ ಅವು. ಸ್ಪಿರಿಟ್ ಆ ಕೊಬ್ಬನ್ನ ಕರಗಿಸಿ ಜೋಡಣೇನೇ ಸಡಿಲ ಮಾಡುತ್ತೆ. ಆಮೇಲೆ ಗಟ್ಟಿ ಆಗೋದೆಲ್ಲಿಂದ ಬಂತು? ಹುಣ್ಣನ್ನ ಉಪ್ಪುನೀರಲ್ಲಿ ತೊಳೆದು ಬಟ್ಟೆ ಕಟ್ಟಿ. ಸುತ್ತ ಕೊಬ್ಬರಿ ಎಣ್ಣೆ ಸವರಿ, ತಿಕ್ಕಬೇಡಿ."

ಸಂಜೆ ಎಣ್ಣೆ ಬಟ್ಟಲು ಹಿಡಿದು ಹೋದೆ. ಅತ್ತೆಗೆ ವಾಸನೆಯಲ್ಲೇ ಗೊತ್ತಾಯಿತು.

"ಸ್ಪಿರಿಟ್ ಎಲ್ಲವ್ವ? ಇನ್ನು ಇವಳು ಏಳಂಗಿಲ್ಲ ಅಂತ ಕೈ ಬಿಟ್ಯಾ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಅದರಿಂದ್ಲೇ ಹಿಂಗಾಗಿದ್ದು ಅತ್ತೆ. ನಾನೇ ನಿಮ್ಮ ಚರ್ಮ ಹಾಳು ಮಾಡಿದೆ."

ಅವರು ನನ್ನ ಅಂಗೈ ಹಿಡಿದು ಬೆಳಕಿಗೆ ತಿರುಗಿಸಿದರು. ಆಸ್ಪತ್ರೆಯಲ್ಲೂ ಮನೆಯಲ್ಲೂ ಸ್ಪಿರಿಟ್ ಮುಟ್ಟಿ ಮುಟ್ಟಿ ಅದೂ ಒಡೆದುಹೋಗಿತ್ತು.

"ಇದನ್ನ ನೋಡ್ಕೊಂಡಿದ್ರೂ ಗೊತ್ತಾಗ್ತಿರ್ಲಿಲ್ವೇನೆ, ನರ್ಸಮ್ಮ?"

ಹುಣ್ಣು ನಿಧಾನವಾಗಿ ಕೂಡಿಕೊಂಡಿತು. ಅತ್ತೆ ದಿಂಬಿಗೊರಗಿ ಕೂರುವಂತಾದರು. ಆದರೆ ಬಂದವರೆದುರು ಅವರ ಮಾತು ಬದಲಾಗಲಿಲ್ಲ. "ಸ್ಪಿರಿಟ್ ಹಾಕಿ ಹಾಕಿ ವಾಸಿ ಮಾಡಿದ್ಲು ಕಣ್ರಿ ನನ್ನ ಸೊಸೆ" ಎನ್ನುವರು. ಬಂದವರು ಮೆಚ್ಚಿ ನನ್ನತ್ತ ತಿರುಗುವ ಹೊತ್ತಿಗೆ ನಾನು ಖಾಲಿ ಲೋಟಗಳನ್ನು ಎತ್ತಿಕೊಂಡು ಅಡಿಗೆಮನೆಗೆ ನಡೆದಿರುತ್ತಿದ್ದೆ.