ಪಟ್ಟಿಯಲ್ಲಿ ಇಲ್ಲದ ಹಳ್ಳ

ಮಾರೇಶನಿಗೆ ಈಜು ಕಲಿಸಿದ್ದು ಹಳ್ಳ. ಆ ಹಳ್ಳವನ್ನೇ ಮುಳುಗಿಸಿದ್ದು ಮಾರೇಶ. ಇದನ್ನವನು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಹೇಳಿದರೆ ಬೈಯುತ್ತಾರೆ ಎಂಬುದಕ್ಕಿಂತ, ಅಷ್ಟು ದೊಡ್ಡ ಕೆಲಸ ಇವನ ಕೈಲಾದೀತೇ ಎಂದು ನಗುತ್ತಾರೆ ಎಂಬ ಭಯವೇ ಹೆಚ್ಚಿತ್ತು.

ಹಡಗಲಿಯ ಮಲ್ಲಿಗೆ ತೋಟಗಳ ಬದುವಿನಿಂದ ಹೊರಟು, ಅವರ ಓಣಿಯ ಹಿತ್ತಿಲುಗಳನ್ನು ಹಾದು, ಮಾಗಳದ ಕಡೆ ಹೊಳೆ ಸೇರುತ್ತಿದ್ದ ನೀರಿಗೆ ಜನ ಸಣ್ಣಹಳ್ಳ ಎನ್ನುತ್ತಿದ್ದರು. ಮಾರೇಶನ ಅಜ್ಜಿ ಜಂಬಕ್ಕ ನಲವತ್ತು ವರ್ಷ ಅದರಲ್ಲೇ ಬಟ್ಟೆ ಅದ್ದಿ, ಮೊಗ್ಗಿನ ಬುಟ್ಟಿಗೆ ಹೊದಿಸಿ, ಬಸ್ ಸ್ಟ್ಯಾಂಡಿಗೆ ಹೊತ್ತವಳು. ಹಳ್ಳವೇನೂ ಒಂದೇ ದಿನಕ್ಕೆ ಮುಚ್ಚಿಹೋಗಲಿಲ್ಲ. ಅಂಗಡಿಗೆ ಗಿರಾಕಿ ದಾಟಲೆಂದು ಪಾಲಾಕ್ಷಪ್ಪ ಎರಡು ಕಡಪಾ ಕಲ್ಲು ಹಾಸಿದ. ಅವನನ್ನು ನೋಡಿ ಪಕ್ಕದವರು ನಾಲ್ಕು ಹಾಸಿದರು. ಆಮೇಲೆ ಕಲ್ಲಿನ ಮೇಲೆ ಕಟ್ಟೆ ಬಂತು, ಕಟ್ಟೆಯ ಮೇಲೆ ತಗಡು ಬಂತು. ಆದರೂ ಮಳೆಗಾಲದಲ್ಲಿ ನಡುವೆ ಬಯಲಿದ್ದಲ್ಲೆಲ್ಲ ನೀರು ತಿಳಿಯಾಗಿ ಕಾಣುತ್ತಿತ್ತು.

ಆರು ವರ್ಷದ ಹಿಂದೆ ಮಾರೇಶ ಸರ್ವೆ ಕಂಪನಿಯೊಂದಕ್ಕೆ ದಿನಗೂಲಿಗೆ ಸೇರಿದ. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಟ್ಯಾಬ್. ಹುಟ್ಟಿದ ಓಣಿಯಲ್ಲೇ ತಹಶೀಲ್ದಾರನ ಗತ್ತಿನಲ್ಲಿ ನಡೆದ. ಒಂದೊಂದು ಜಾಗದ ಮುಂದೆ ನಿಂತು, ಅದೇನೆಂದು ಪಟ್ಟಿಯಲ್ಲಿ ಒತ್ತಬೇಕು, ಅಷ್ಟೇ ಕೆಲಸ. ಪಟ್ಟಿಯಲ್ಲಿ ನದಿ ಇತ್ತು, ಕೆರೆ ಇತ್ತು, ಚರಂಡಿ ಇತ್ತು, ಹಳ್ಳ ಇರಲಿಲ್ಲ. ಏಪ್ರಿಲ್ ತಿಂಗಳು, ಪಾದ ಮುಳುಗುವಷ್ಟೂ ನೀರಿಲ್ಲ. ನದಿ ಎಂದರೆ ಸೂಪರ್‌ವೈಸರ್ ಅರುಣಕುಮಾರ್ ನಕ್ಕಾನು. ಕೊನೆಯಲ್ಲಿ ‘ಇತರೆ’ ಎಂದೂ ಒಂದಿತ್ತು. ಅದನ್ನು ಒತ್ತಿದರೆ ಮೂರು ಸಾಲು ವಿವರ ಬರೆಯಬೇಕು. ಬಿಸಿಲು ಬೇರೆ. ಮಾರೇಶ ಚರಂಡಿ ಎಂದು ಒತ್ತಿ ನೆರಳಿಗೆ ಹೋದ.

ಚರಂಡಿಗೆ ಮುಚ್ಚಳ ಹಾಕುವುದು ಒಳ್ಳೆಯ ಕೆಲಸವಲ್ಲವೇ? ಎರಡು ವರ್ಷದ ಮೇಲೆ ಉದ್ದಕ್ಕೂ ಸ್ಲ್ಯಾಬ್ ಬಿದ್ದಾಗ ಯಾರೂ ತಕರಾರು ಮಾಡಲಿಲ್ಲ. ಬೈಕ್ ನಿಲ್ಲಿಸಲು ಜಾಗವಾಯಿತು. ಮಾರೇಶನೂ ಅಲ್ಲೇ ನಿಲ್ಲಿಸುತ್ತಿದ್ದ.

ಈ ವರ್ಷ ತಂಗಿ ರೇಖಾಳ ಮದುವೆ ಗೊತ್ತಾಯಿತು. ಅವರ ಮನೆತನದಲ್ಲಿ ಮದುವೆಗೆ ಮುಂಚೆ ಗಂಗೆ ತರಬೇಕು. ಬಿಂದಿಗೆ ತುಂಬಿಸಿದ ಮೇಲೆ ಹಿರಿಯಳು ಮೂರು ಸಲ ‘ಯಾವ ನೀರು?’ ಎಂದು ಕೇಳುತ್ತಾಳೆ. ಹೆಣ್ಣಿನ ಅಣ್ಣ ನೀರಿನ ಹೆಸರು ಹೇಳಿ ಬಿಂದಿಗೆ ಹೊರಬೇಕು.

“ನಳದ್ದ ತಂದರಾತು ಬೇ,” ಎಂದಳು ರೇಖಾ.

“ನಳಕ್ಕೇನು ಹೆಸರೈತೇನವಾ? ನಾನು ಈ ಮನಿಗೆ ಬಂದಾಗ್ಲೂ ಹಳ್ಳದ್ದ, ನಿಮ್ಮವ್ವ ಬಂದಾಗ್ಲೂ ಹಳ್ಳದ್ದ. ನಿನಗೂ ಅದ ಆಗಬೇಕು. ನಾ ಇರೋದ್ರೊಳಗ ಇದೊಂದು ನೋಡ್ತೀನಿ,” ಎಂದಳು ಜಂಬಕ್ಕ. “ಮಾರ ಸರ್ವೆದಾಗ ಅದಾನ. ಆ ಸ್ಲ್ಯಾಬಿಗೆ ಎಲ್ಲಿ ಬಾಯಿ ಐತಿ ಅಂತ ಅವನಿಗೆ ಗೊತ್ತಿರತೈತಿ.”

ಗೊತ್ತಿತ್ತು. ಬೆಳಿಗ್ಗೆ ಹಲಗೆ ಬಾರಿಸುತ್ತ ಎಲ್ಲರೂ ಪಾಲಾಕ್ಷಪ್ಪನ ಅಂಗಡಿ ಮುಂದೆ ಬಂದರು. ಮಾರೇಶ ಹಾರೆ ಹಾಕಿ ಕಬ್ಬಿಣದ ಮುಚ್ಚಳ ಎತ್ತಿದ. ಹೆಂಗಸರು ಸೆರಗು ಮೂಗಿಗೆ ಹಿಡಿದು ಹಿಂದೆ ಸರಿದರು. ಜಂಬಕ್ಕ ಮಾತ್ರ ಬಗ್ಗಿ ನೋಡಿದಳು.

“ಇದೇನಲೇ ಇದು?”

“ಹಳ್ಳ ಬೇ.”

“ಹಳ್ಳ ಹಿಂಗ ನಾರತೈತೇನು?”

ಪಾಲಾಕ್ಷಪ್ಪ ಅಂಗಡಿಯಿಂದಲೇ ಕೂಗಿದ: “ಯಕ್ಕಾ, ಕಾಗದದಾಗ ಅದು ಚರಂಡಿ. ಯಾವನೋ ಪುಣ್ಯಾತ್ಮ ಹಂಗ ಬರಕೊಂಡು ಹೋಗ್ಯಾನ. ಅದಕ್ಕ ಎಲ್ಲಾರೂ ಪಾಯಖಾನಿ ಪೈಪ್ ಬಿಟ್ರು. ಸುಳ್ಳ್ಯಾಕ ಹೇಳ್ಲಿ, ನಾನೂ ಬಿಟ್ಟೀನಿ.”

ಮಾರೇಶ ಮುಚ್ಚಳ ಮುಚ್ಚಿದ. ಅದರ ಮೇಲೆಯೇ ಅರಿಶಿನ ಕುಂಕುಮ ಬಿತ್ತು. ಅಂಗಡಿಯಿಂದ ತಂದ ಕ್ಯಾನ್ ನೀರು ಬಿಂದಿಗೆಗೆ ಬಿತ್ತು. ಜಂಬಕ್ಕ ಕೇಳಿದಳು:

“ಯಾವ ನೀರಪ್ಪ?”

ಮಾರೇಶ ಹಾರೆಯನ್ನು ಗೋಡೆಗೆ ಒರಗಿಸಿದ.

“ಯಾವ ನೀರು?”

“ಹಳ್ಳದ್ದು ಅಂದುಬಿಡಣ್ಣ, ಹೊತ್ತಾತು,” ಎಂದು ರೇಖಾ ಪಿಸುಗುಟ್ಟಿದಳು.

“ಯಾವ ನೀರಲೇ?”

“ಆ ಪುಣ್ಯಾತ್ಮ ನಾನ ಬೇ,” ಎಂದ ಮಾರೇಶ. ಹಲಗೆ ನಿಂತಿತು. “ಪಟ್ಟಿಯಾಗ ಹಳ್ಳ ಇರಲಿಲ್ಲ. ಚರಂಡಿ ಅಂತ ಒತ್ತಿದೆ.”

“ಬರಿಯಾಕ ಬರತಿರಲಿಲ್ಲೇನು?”

“ಬರತಿತ್ತು. ಬ್ಯಾಸರಾತು.”

“ಬ್ಯಾಸರಾತು,” ಎಂದಳು ಜಂಬಕ್ಕ. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಬಿಂದಿಗೆ ಎತ್ತಿ, ಮುಚ್ಚಳದ ತೂತಿನೊಳಗೆ ಪೂರ್ತಿ ಸುರಿದಳು. “ಮಾರಿಯರೆ ತೊಳಕೊಳ್ಳಲಿ ಗಂಗವ್ವ.” ಆಮೇಲೆ ಕ್ಯಾನಿನಲ್ಲಿ ಉಳಿದದ್ದನ್ನು ತುಂಬಿಸಿದಳು. “ಈಗ ಹೇಳು. ಯಾವ ನೀರು?”

“ಕ್ಯಾನಿಂದು ಬೇ.”

“ಹೊರು.”

ಮನೆ ಮುಟ್ಟುವವರೆಗೂ ಅಜ್ಜಿ ಹಿಂದೆ ತಿರುಗಿ ನೋಡಲಿಲ್ಲ. ಕಾಲು ತೊಡರಿ, ನೀರು ತುಳುಕಿ, ಮಾರೇಶನ ಹೊಸ ಅಂಗಿಯೆಲ್ಲ ತೊಯ್ದುಹೋಯಿತು.

ಮದುವೆ ಮುಗಿಸಿ ಕೂಡ್ಲಿಗಿಗೆ ಕರೆಂಟ್ ಕಂಬ ಎಣಿಸುವ ಕೆಲಸಕ್ಕೆ ಹೋದಾಗ ಅರುಣಕುಮಾರ್ ಅವನ ಫೋನಿನಲ್ಲಿ ಗಂಗೆ ತಂದ ದಿನದ ಫೋಟೋ ನೋಡಿದ.

“ಏನಲೇ, ಅಂಗಿ ಇಷ್ಟು ತೊಯ್ದೈತಿ?”

“ಹಳ್ಳಕ್ಕ ಬಿದ್ದಿದ್ದೆ ಸರ್.”

“ನಿಮ್ಮ ಓಣ್ಯಾಗ ಹಳ್ಳ ಎಲ್ಲೈತಲೇ?”

ಅದಕ್ಕೆ ಉತ್ತರ ಮೂರು ಸಾಲಿನದು. ಮಾರೇಶ ಮೊದಲ ಸಾಲು ಶುರು ಮಾಡುವಷ್ಟರಲ್ಲಿ ಅರುಣಕುಮಾರ್ ಮುಂದಿನ ಫೋಟೋಗೆ ಹೋಗಿದ್ದ.