ಅಮ್ಮನ ಮುಖ ಹೊಲಿಯುವ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಹಿಂಭಾಗದ ಕೋಣೆಯಲ್ಲಿ ಹೊಲಿಗೆ ಯಂತ್ರ ಆಗಲೇ ಕಟಕಟ ಅನ್ನುತ್ತಿದೆ. ಯಂತ್ರದ ಮುಂದೆ ಕೂತ ಹೆಂಗಸಿನ ಬೆನ್ನ ಹಿಂದೆ, ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ತಲೆಗಳು. ಪ್ಲಾಸ್ಟರಿನ ತಲೆಗಳು. ಒಂದೊಂದಕ್ಕೂ ಮೈಬಣ್ಣದ ಬಿಗಿಬಟ್ಟೆಯ ಮುಖವಾಡ. ಕಣ್ಣು, ಮೂಗು, ಬಾಯಿಯ ಜಾಗದಲ್ಲಿ ಮಾತ್ರ ತೂತು. ಆಕೆ ನೂಲು ಕಡಿದು ಹಿಂದಕ್ಕೆ ತಿರುಗಿ, "ಹಾಗೆ ನೋಡ್ತಾ ಕೂತ್ಕೋಬೇಡಿ, ಹೊಲಿಗೆ ತಪ್ಪುತ್ತೆ" ಎಂದು ತಲೆಗಳನ್ನು ಗದರುತ್ತಾರೆ. ತಮಾಷೆಗೇ. ಆದರೂ ಗದರದೆ ಮುಂದಿನ ಹೊಲಿಗೆಗೆ ಕೈಹಾಕುವುದಿಲ್ಲ.

ಆಸ್ಪತ್ರೆಯಲ್ಲಿ ಎಲ್ಲರಿಗೂ ಅವರು ಮುಖವಾಡದಕ್ಕ. ಸುಟ್ಟಗಾಯ ಮಾಗುವಾಗ ಚರ್ಮ ದಪ್ಪಗಟ್ಟಿ ಗಂಟುಗಂಟಾಗದಿರಲೆಂದು ರೋಗಿಗಳು ತಿಂಗಳುಗಟ್ಟಲೆ ಹಗಲೂ ರಾತ್ರಿ ಇದನ್ನು ತೊಡಬೇಕು. ಸ್ನಾನಕ್ಕೆ, ಮುಲಾಮಿಗೆ ಮಾತ್ರ ತೆಗೆಯಬೇಕು. ಒಬ್ಬೊಬ್ಬರ ಮುಖದ ಅಚ್ಚು ತೆಗೆದು, ಪ್ಲಾಸ್ಟರ್ ಎರೆದು, ಅದರ ಮೇಲೆ ಬಟ್ಟೆ ಎಳೆದು ಹೊಲಿಯುತ್ತಾರೆ ಅಕ್ಕ. ದಿನಕ್ಕೆ ಎರಡು ಮುಗಿದರೆ ಹೆಚ್ಚು. ಹಿಂದೆ ಒಳಉಡುಪಿನ ಕಾರ್ಖಾನೆಯಲ್ಲಿದ್ದರು. ಅದು ಬಾಗಿಲು ಹಾಕಿದ ಮೇಲೆ ಇಲ್ಲಿಗೆ ಬಂದರು. "ಮೊದಲು ಯಾರೂ ನೋಡಬಾರದ್ದನ್ನ ಹೊಲೀತಿದ್ದೆ. ಈಗ ಎಲ್ರೂ ತಿರುತಿರುಗಿ ನೋಡೋದನ್ನ ಹೊಲೀತೀನಿ" ಎಂದು ನಗುತ್ತಾರೆ. ಅಕ್ಕನ ಅತ್ತೆಗೆ ಮಾತ್ರ ಈ ಕೆಲಸ ಇವತ್ತಿಗೂ ಹಿಡಿಸಿಲ್ಲ. ಕೆಲಸದಿಂದ ಬಂದು ಸ್ನಾನ ಮಾಡುವ ತನಕ ಸೊಸೆಗೆ ಮನೆಯ ಮಗುವನ್ನು ಮುಟ್ಟಗೊಡುವುದಿಲ್ಲ.

ಒಬ್ಬ ತಾಯಿಯ ವಿಷಯ ಬಂದರೆ ಮಾತ್ರ ಅಕ್ಕ ಯಂತ್ರ ನಿಲ್ಲಿಸುತ್ತಾರೆ. ಒಲೆ ಸಿಡಿದು ಮುಖ ಸುಟ್ಟುಕೊಂಡಿದ್ದವಳು. ಅವಳು ವಾರ್ಡಿನಲ್ಲಿದ್ದಷ್ಟು ಕಾಲ, ಮಾತು ಕಲಿಯುತ್ತಿದ್ದ ಗಂಡುಕೂಸು ಅಜ್ಜಿಯ ಹತ್ತಿರವಿತ್ತು. ಮನೆಗೆ ಹೋದದ್ದು ಮುಖವಾಡ ತೊಟ್ಟೇ. ಮೊದಮೊದಲು ಬೆಚ್ಚಿಬಿದ್ದ ಕೂಸು ಬರಬರುತ್ತಾ ಹಳೆಯ ಮುಖ ಮರೆತು, ಬಟ್ಟೆಯ ಮುಖವನ್ನೇ ಅಮ್ಮ ಅಂದುಕೊಂಡಿತು.

ಮುಖವಾಡ ಸಡಿಲವಾಯಿತೆಂದು ಒಂದು ಬೆಳಿಗ್ಗೆ ಅವಳು ಮಗುವನ್ನೆತ್ತಿಕೊಂಡು ಬಂದಳು. ಕೆಳಗಿಳಿಸಿದ್ದೇ ತಡ, ಅದು ಹಲಗೆಯ ಹತ್ತಿರ ಹೋಗಿ ಮೊದಲ ತಲೆಗೆ "ಅಮ್ಮ" ಅಂದಿತು. ಪಕ್ಕದ್ದಕ್ಕೂ "ಅಮ್ಮ". ಅದರ ಪಕ್ಕದ್ದಕ್ಕೂ. ಪ್ರತಿ ಸಲ ಓಗೊಡಲೆಂದು ಕಾಯುತ್ತಿತ್ತು. ಕೊನೆಗೆ ಕೈಯಲ್ಲಿದ್ದ ಬಿಸ್ಕತ್ತನ್ನು ಒಂದರ ಬಾಯಿಯ ತೂತಿಗೆ ಒತ್ತಿ, "ತಿನ್ನು" ಅಂದಿತು.

"ಮೈ ಜುಮ್ಮಂತು. ಯಾವುದಾದ್ರೂ ಒಂದು ಬಾಯಿ ಆಡಿಸಿಬಿಟ್ರೆ ಏನಪ್ಪಾ ಗತಿ ಅನ್ನಿಸ್ತು" ಎನ್ನುತ್ತಾರೆ ಅಕ್ಕ.

ಅಳತೆ ನೋಡಲು ಅವರು ತಾಯಿಯ ಮುಖವಾಡ ಬಿಚ್ಚಿದರು. ಮಗು ಕಿಟಾರನೆ ಕಿರುಚಿತು. "ನಾನೇ ಕಣೋ ಪುಟ್ಟ" ಎಂದಳು ತಾಯಿ. ದನಿಯ ಗುರುತು ಸಿಕ್ಕಿ ಅಳುವೇನೋ ನಿಂತಿತು. ಆದರೆ ಮಗು ಅವಳ ಕಡೆ ನೋಡಲಿಲ್ಲ. ಅಕ್ಕನ ಕೈಯಲ್ಲಿ ಜೋತಾಡುತ್ತಿದ್ದ ಬಟ್ಟೆಯನ್ನು ಎಳೆದುಕೊಂಡು ಎದೆಗವುಚಿ, ಅದರ ಬಾಯಿಯ ತೂತಿಗೆ ಕಿವಿ ಇಟ್ಟು ನಿಂತಿತು.

ಅಂದಿನಿಂದ ತಾಯಿ ಮುಖವಾಡ ತೆಗೆಯುವುದನ್ನೇ ಬಿಟ್ಟಳು. ಮತ್ತೆ ಬಂದಾಗ ಒಳಗೆಲ್ಲ ಕೀವು. "ತೆಗೆದ್ರೆ ನಾನು ಅವನಿಗೆ ಯಾರೂ ಅಲ್ಲಕ್ಕಾ" ಅಂದಳು.

ಮಕ್ಕಳ ಮನಸ್ಸಿನ ಡಾಕ್ಟರಮ್ಮ ತಾಯಿ, ಅಕ್ಕ ಇಬ್ಬರನ್ನೂ ಕೂರಿಸಿ ತಿಳಿಸಿದರು: "ಮಗು ಮನಸ್ಸಲ್ಲೂ ಒಂದು ಅಚ್ಚಿದೆ. ಈ ಬಟ್ಟೆ ಇದ್ರೆ ಅಮ್ಮ, ಅಷ್ಟೇ. ಕಂಡದ್ದನ್ನೆಲ್ಲ ಅದರೊಳಗೇ ತುಂಬ್ಕೋತಾನೆ. ಅದರಲ್ಲಿ ಹಿಡಿಸದೇ ಇರೋದು ಎದುರಾದಾಗ ಅಚ್ಚನ್ನೇ ಬದಲಾಯಿಸ್ಕೋಬೇಕು. ಎಲ್ಲ ಮಕ್ಕಳೂ ಕಲಿಯೋದು ಹೀಗೇ. ಆದ್ರೆ ಹೆದರಿಸಿದ್ರೆ ಬದಲಾಯಿಸಲ್ಲ. ಅವನ ಕೈಯಿಂದಲೇ ಆಗ್ಲಿ."

"ಹಾಗಾದ್ರೆ ಮೊದಲು ನನ್ನ ಮುಖದ ಮೇಲೇ ಆಗ್ಲಿ" ಅಂದರು ಅಕ್ಕ.

ಮಗು ಬಂದಾಗಲೆಲ್ಲ ಅಕ್ಕ ನೆಲದ ಮೇಲೆ ಕೂತು ತಾವೇ ಒಂದು ಮುಖವಾಡ ಹಾಕುವರು, ತೆಗೆಯುವರು. ಹಾಕಿದರೆ "ಅಮ್ಮ" ಎಂದು ಮಡಿಲೇರುತ್ತಿತ್ತು. ಎದುರಿಗೆ ಇನ್ನೊಬ್ಬ ಅಮ್ಮ ಕೂತಿದ್ದಾಳೆಂಬುದು ಅದಕ್ಕೆ ವಿಚಿತ್ರವೇ ಅಲ್ಲ. ತೆಗೆದರೆ ಕೆಳಗಿಳಿದು, ಈ ಅಮ್ಮ ಎಲ್ಲಿ ಹೋದಳೆಂದು ಅಕ್ಕನ ಬೆನ್ನ ಹಿಂದೆ ಹುಡುಕುತ್ತಿತ್ತು. "ಇನ್ನೊಬ್ಬಳ ಮಗೂನ ಕದೀತಿದ್ದೀನಿ ಅನ್ನಿಸೋದು. ಅವಳ ಕಣ್ಣು ಆ ತೂತಿನೊಳಗಿಂದ ನನ್ನನ್ನೇ ನೋಡೋದು" ಎನ್ನುತ್ತಾರೆ ಅಕ್ಕ.

ವಾರಗಳು ಉರುಳಿದ ಮೇಲೆ ಒಂದು ದಿನ, ಮಗು ಅಕ್ಕನ ಗದ್ದದ ಹತ್ತಿರ ಬಟ್ಟೆಯಂಚಿಗೆ ಬೆರಳು ತೂರಿಸಿ ಎತ್ತಿತು. ಬಿಟ್ಟಿತು. ಮತ್ತೆ ಎತ್ತಿ ಕಿಲಕಿಲ ನಕ್ಕಿತು. ಆಮೇಲೆ ಸುಮ್ಮನಾಗಿ, ತಾಯಿಯನ್ನೇ ದಿಟ್ಟಿಸುತ್ತಾ ಅವಳ ಹತ್ತಿರ ಹೋಯಿತು. ಮುಖವಾಡದಂಚು ಎತ್ತಿತು. ಗಂಟುಗಟ್ಟಿದ ಗದ್ದ ಕಂಡಿತು. ತಟ್ಟನೆ ಬಿಟ್ಟುಬಿಟ್ಟಿತು. ಮಗು ಮತ್ತೆ ಎತ್ತಿದಾಗ ತಾಯಿ "ಪುಟ್ಟ" ಅಂದಳು. ಈ ಸಲ ಅದು ಅವಳ ತುಟಿ ಅಲುಗುವುದನ್ನು ನೋಡಿತು. ಅಕ್ಕ ಹಿಂದಿನಿಂದ ಸದ್ದಿಲ್ಲದೆ ತಾಯಿಯ ಮುಖವಾಡದ ಜಿಪ್ ಬಿಚ್ಚಿದರು. ಬಟ್ಟೆ ಕಳಚಿ ಬಿತ್ತು. ಮಗು ಅಳಲಿಲ್ಲ. ಕೆನ್ನೆಯ ಗಂಟಿನ ಮೇಲೆ ಬೆರಳಿಟ್ಟು, "ಅಮ್ಮ, ನೋವಾ?" ಎಂದು ಕೇಳಿತು.

ಅಷ್ಟಕ್ಕೇ ಮುಗಿಸಲಿಲ್ಲ. ಹಲಗೆಯ ಹತ್ತಿರ ಹೋಗಿ ಒಂದು ತಲೆಯ ಮುಖವಾಡ ಎಳೆದುಹಾಕಿತು. ಅದು ಅದರ ತಾಯಿಯದೇ ಅಚ್ಚು. ಬಿಳಿ ಪ್ಲಾಸ್ಟರನ್ನು ತಟ್ಟಿ ನೋಡಿ, "ಇಲ್ಲ" ಅಂದು ತಿರುಗಿ ಬಂತು.

ಆ ತಾಯಿಗೀಗ ಮುಖವಾಡ ಬೇಕಿಲ್ಲ. ಮಗು ಅಂಗನವಾಡಿಗೆ ಹೋಗುತ್ತದೆ. ಅಕ್ಕನಿಗೆ ಏನು ಬೇಕು ಎಂದು ಕೇಳಿದರೆ ಎದುರಿನ ಗೋಡೆ ತೋರಿಸುತ್ತಾರೆ. "ಇಲ್ಲೊಂದು ಕಿಟಕಿ ಒಡೆಸಿಕೊಟ್ರೆ ಸಾಕು. ಬಿಸಿಲು ಬಿದ್ರೆ ಬಟ್ಟೆ ಬಟ್ಟೆ ಥರಾನೇ ಕಾಣುತ್ತೆ. ಮಕ್ಕಳು ಮೋಸ ಹೋಗಲ್ಲ."

ಯಂತ್ರದ ಗಾಲಿಗೆ ಕೈಯಿಟ್ಟು, ಹಿಂದೆ ತಿರುಗದೆ ಸೇರಿಸುತ್ತಾರೆ: "ನಾನೂ ಮೋಸ ಹೋಗಲ್ಲ."