ಬಾಗಿಲು ಮುಚ್ಚಿದ ಮೇಲಿನ ತೂಕ

“ನೋಡಿ ಅತ್ತಿಗೆ, ಇದರಲ್ಲಿ ದೊಡ್ಡ ವಿದ್ಯೆ ಏನಿಲ್ಲ. ಒಂದು ಕಬ್ಬಿಣದ ತೊಲೆ. ಅದರ ಒಂದು ತುದಿ ಈ ದಿಮ್ಮಿ ಮೇಲೆ, ಇನ್ನೊಂದು ತುದಿ ಜನ ಹತ್ತಿ ತೂಕ ನೋಡ್ಕೊಳ್ಳೋ ಯಂತ್ರದ ಮೇಲೆ. ಚಕ್ರ ಸರಿಯಾಗಿ ನಡುವೆ ನಿಂತರೆ ಯಂತ್ರಕ್ಕೆ ಬೀಳೋದು ಅರ್ಧ ಭಾರ. ತೊಲೆಯ ಭಾರ ಕಳೆದು ಮುಳ್ಳನ್ನ ಮೊದಲೇ ಸೊನ್ನೆಗೆ ತಂದಿಟ್ಟಿದ್ದೀನಿ. ಆಮೇಲೆ ಅದು ತೋರಿಸಿದ್ದರ ಎರಡರಷ್ಟು ಅಂತ ಲೆಕ್ಕ. ಇಂಥವು ಮೂರು, ಮೂರು ಚಕ್ರಕ್ಕೆ. ಅಂಗಡಿಯವನು ಸುಳ್ಳು ಹೇಳಬಹುದು, ಗಿರಾಕಿ ಹೇಳಬಹುದು, ಮುಳ್ಳಿಗೆ ಆ ಬುದ್ಧಿ ಇಲ್ಲ.”

ಹೀಗಂದವನು ನನ್ನ ಮೈದುನ. ನಲವತ್ತು ವರ್ಷ ಅಂಗಡಿಗಳ ತಕ್ಕಡಿ ರಿಪೇರಿ ಮಾಡಿದವನು. ತರಕಾರಿ ಚೀಲ ಎತ್ತಿದರೆ ಸಾಕು, ಎಷ್ಟು ಕಡಿಮೆ ತೂಗಿದ್ದಾರೆ ಅಂತ ಹೇಳಿಬಿಡುತ್ತಾನೆ. ಅವನ ಜೊತೆ ಸಂತೆಗೆ ಹೋಗೋಕೆ ನನಗೇ ನಾಚಿಕೆ.

ನಮ್ಮ ಬೀದಿಯ ದರ್ಜಿ ಏಳು ವರ್ಷ ಶೆಡ್ಡಿನಲ್ಲಿ ಕೂತು ಒಬ್ಬರೇ ಹಾರಿಸುವ ಪುಟ್ಟ ವಿಮಾನ ಕಟ್ಟಿದ್ದ. ರೆಕ್ಕೆಯ ಬಟ್ಟೆಯೂ ಅವನ ಹೊಲಿಗೆಯೇ. ಬರಿಯ ವಿಮಾನ ಇನ್ನೂರ ನಲವತ್ತು ಕಿಲೋ ಮೀರಬಾರದು ಅಂತ ನಕ್ಷೆಯಲ್ಲಿತ್ತು. ಮರುದಿನ ತಪಾಸಣೆಯವರು ಬರುವವರಿದ್ದರು. ತೂಕ ಹೆಚ್ಚಾದರೆ ಹಾರುವ ಮಾತಿಲ್ಲ.

ಬಾಲ ಎತ್ತಿ ವಿಮಾನವನ್ನು ಸಮಕ್ಕೆ ನಿಲ್ಲಿಸಿದರು. ಮುಂದಿನ ಎರಡು ಮುಳ್ಳು ನೋಡೋಕೆ ನಾನು ಮತ್ತು ದರ್ಜಿಯ ಹೆಂಡತಿ, ಬಾಲಕ್ಕೆ ದರ್ಜಿ. ನನ್ನ ಮುಳ್ಳು ಐವತ್ತೊಂಬತ್ತಕ್ಕೆ ಹೋಗಿದ್ದು, ಯಾರೂ ಮುಟ್ಟದೆಯೇ ನಡುಗುತ್ತಾ ಐವತ್ತೇಳಕ್ಕೆ ಇಳಿಯಿತು. ಆ ಹೆಂಗಸಿನದೂ ಹಾಗೇ. ಬಾಲದ್ದು ಮೂರೂವರೆ. ಎಲ್ಲ ಕೂಡಿ ಎರಡರಷ್ಟು ಮಾಡಿದರೆ ಇನ್ನೂರ ಮೂವತ್ತೈದು. ದರ್ಜಿಯ ಮುಖ ಅರಳಿತು.

ಮೈದುನ ಮಾತ್ರ ಶೆಡ್ಡಿನ ತೆರೆದ ಬಾಗಿಲಿಂದ ಬೀದಿ ಕಡೆ ನೋಡಿದ. ಬಾಗಿಲು ಹಾಕಿ ಅಂದ. ಹಾಕಿದೆವು. ಮುಳ್ಳು ಮೆಲ್ಲಗೆ ಐವತ್ತೊಂಬತ್ತಕ್ಕೆ ಏರಿ ಅಲ್ಲೇ ನಿಂತಿತು. ಲೆಕ್ಕ ಇನ್ನೂರ ನಲವತ್ಮೂರು.

ಬೀದಿಯ ಗಾಳಿ ರೆಕ್ಕೆಯನ್ನು ಅಷ್ಟು ಎತ್ತಿ ಹಿಡಿದಿತ್ತಂತೆ. ನಮ್ಮ ಕಣ್ಣೆದುರು ನೆಲದ ಮೇಲೇ ನಿಂತಿದ್ದ ಆ ಬಟ್ಟೆ-ಕಡ್ಡಿಯ ವಸ್ತು, ಎಂಟು ಕಿಲೋದಷ್ಟು ಆಗಲೇ ಆಕಾಶದ್ದಾಗಿತ್ತು. ಅದು ನನ್ನ ಕಣ್ಣಿಗೆ ಕಾಣಲಿಲ್ಲ, ಮುಳ್ಳಿಗೆ ಕಂಡಿತ್ತು.

ದರ್ಜಿ ತಡೆದು ತಡೆದು ಕೇಳಿದ: “ಮೊದಲಿನ ಲೆಕ್ಕಾನೇ ಬರ್ಕೊಳ್ಳಣ್ಣ. ಹೆಂಗೂ ಹಾರೋದು ಗಾಳಿಯಲ್ಲೇ ಅಲ್ವಾ?”

“ಹಾರೋದು ಗಾಳಿಯಲ್ಲಿ ತಮ್ಮಾ. ಇಳಿಯೋದು ನೆಲಕ್ಕೆ. ಆ ಸುಳ್ಳನ್ನ ನಿನ್ನ ಹೆಂಡತಿ ಮುಂದೇನೇ ಬರ್ಕೊಳ್ಲಾ?”

ದರ್ಜಿಯ ಹೆಂಡತಿ ವಿಮಾನದೊಳಗೆ ಬಗ್ಗಿ, ಹಲಗೆಯ ಮೇಲೆ ಹತ್ತಿ ತುಂಬಿ ಮಾಡಿದ್ದ ಸೀಟನ್ನು ಕಿತ್ತು ಹೊರಗಿಟ್ಟಳು. ಹೋಗ್ತಿರೋದು ಹಾರೋಕೋ ಮಲಗೋಕೋ ಅಂತ ಗಂಡನನ್ನು ಕೇಳಿದಳು. ಸೀಟೇ ಐದು ಕಿಲೋ ಇತ್ತು. ದರ್ಜಿ ಮೆಷಿನ್ ಮುಂದೆ ಕೂತು, ಸೀಟಿನ ಬದಲಿಗೆ ದಪ್ಪ ಕ್ಯಾನ್ವಾಸಿನ ಜೋಲಿ ಹೊಲಿದ. ಅದನ್ನು ಕಟ್ಟಿ, ಬಾಗಿಲು ಮುಚ್ಚಿ, ಮತ್ತೆ ತೂಗಿದರು. ಇನ್ನೂರ ಮೂವತ್ತೊಂಬತ್ತು. ಮೈದುನ ಅದನ್ನೇ ಬರೆದು ರುಜು ಹಾಕಿದ.

ಮನೆಗೆ ಬಂದಾಗ ಹಗ್ಗದ ಮೇಲಿನ ಬಟ್ಟೆ ಒಣಗಿತ್ತು. ಮೈದುನ ಒಂದೊಂದೇ ಎಳೆದು ಕೊಟ್ಟ, ನಾನು ಮಡಚಿದೆ.